ಆಚಾರವಂತ ಕುದುರೆ

ಡರ್ಬಿಯಲ್ಲಿ ಗೆಲ್ಲುವ ಕುದುರೆಯನ್ನು ಗುರುತಿಸುವ ವಿದ್ಯೆ ಕಲಿಯಲು ತಿಪ್ಪೇಶಿ ಮೂರು ತಿಂಗಳು ಜೋಯಿಸರ ಮನೆ ಜಗಲಿ ಸವೆಸಿದ್ದ. ಜೋಯಿಸರು ಮಾತ್ರ ಒಂದು ಡರ್ಬಿಯನ್ನೂ ಕಣ್ಣಾರೆ ಕಂಡವರಲ್ಲ. ಡರ್ಬಿ ಓಡುವುದು ಭಾನುವಾರ ಸಂಜೆ, ಆ ಹೊತ್ತಿನಲ್ಲಿ ಅವರು ಹೊಸ್ತಿಲು ದಾಟುವವರಲ್ಲ.

"ಕುದುರೆ ತೂಕ, ಹಿಂದಿನ ಓಟ, ಇವೆಲ್ಲ ನೋಡ್ಬೇಕಲ್ವಾ ಜೋಯಿಸ್ರೇ?"

"ಅದೆಲ್ಲ ದಡ್ಡರು ನೋಡೋದು ಕಣಯ್ಯ. ನೀನು ಆಚಾರ ನೋಡು. ಎಲ್ಲಿ ಆಚಾರ ಇರತ್ತೋ ಅಲ್ಲಿ ದೈವ ಇರತ್ತೆ."

ಡರ್ಬಿಯ ದಿನ ತಿಪ್ಪೇಶಿ ಬೇಲಿಗೆ ಜೋತುಬಿದ್ದು ಒಂದೊಂದು ಕುದುರೆಯನ್ನೂ ಪರೀಕ್ಷಿಸಿದ. ಏಳನೇ ನಂಬರಿನ ಕಪ್ಪು ಕುದುರೆಯ ಹಣೆಗೆ ಕುಂಕುಮ, ಕೊರಳಿಗೆ ನಿಂಬೆಹಣ್ಣು. ಜಾಕಿಯ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಆಹಾ, ಕುದುರೆಯೂ ಬಲಗಾಲು ಮುಂದಿಟ್ಟೇ ಒಳಗೆ ಬಂತು! ತಿಪ್ಪೇಶಿಗೆ ಮೈ ಜುಮ್ಮೆಂದಿತು. ಸ್ಕೂಟರ್ ಮಾರಿ ತಂದಿದ್ದ ದುಡ್ಡನ್ನೆಲ್ಲ ಅದರ ಮೇಲೆ ಕಟ್ಟಿ, ಓಟ ಶುರುವಾಗುವ ಗೇಟಿನ ಪಕ್ಕದಲ್ಲೇ ಹೋಗಿ ನಿಂತ.

ಸರಿಯಾಗಿ ನಾಲ್ಕೂಮುಕ್ಕಾಲಿಗೆ ಗೇಟು ತೆರೆಯಿತು. ಹನ್ನೊಂದು ಕುದುರೆಗಳು ಬಿಟ್ಟ ಬಾಣದಂತೆ ಹಾರಿದವು. ಏಳನೆಯದು ಇದ್ದಲ್ಲೇ ಇತ್ತು.

"ಓಡ್ಸೋ ಪುಣ್ಯಾತ್ಮ! ಯಾಕೋ ಕೂತಿದೀಯಾ?" ತಿಪ್ಪೇಶಿ ಗಂಟಲು ಹರಿಯುವಂತೆ ಕಿರುಚಿದ.

ಜಾಕಿ ಕುದುರೆಯ ಮೇಲಿಂದಲೇ ಭಕ್ತಿಯಿಂದ ಕೈಮುಗಿದ.

"ಆರು ಗಂಟೆವರೆಗೂ ರಾಹುಕಾಲ ಸಾರ್. ಕಳೆದ ತಕ್ಷಣ ಹೊರಡ್ತೀನಿ."