ಲಂಗರಿಗೆ ಸಿಕ್ಕಿದ್ದು

ಸುಟ್ಟ ಮೋಟಾರನ್ನು ಕಾಳಪ್ಪ ಮೂಗಿನ ಹತ್ತಿರ ಹಿಡಿದು ಮೂಸಿದ. ವಾರ್ನಿಷ್ ಕರಕಲಾದ ವಾಸನೆ. ತಾಳಲಾರದ ಭಾರ ಎಳೆಯಲು ಹೋಗಿ ಸತ್ತ ಮೋಟಾರು. ಹೊಸಪೇಟೆಯ ಅಂಗಡಿಯಲ್ಲಿ ಪಂಪ್‌ಸೆಟ್‌ಗಳಿಗೆ ವೈಂಡಿಂಗ್ ಮಾಡುತ್ತಲೇ ತಲೆ ನರೆತವನಿಗೆ ಇಷ್ಟೂ ತಿಳಿಯದೇ? ತಿಳಿಯಬೇಕಾದದ್ದು ಒಂದೇ. ನೀರಿನ ಕೆಳಗೆ ಲಂಗರಿಗೆ ಸಿಕ್ಕಿಕೊಂಡಿರುವುದೇನು?

ಅದಕ್ಕೂ ಅವನ ಮನಸ್ಸಿನಲ್ಲಿ ಉತ್ತರ ಸಿದ್ಧವಿತ್ತು. ಅಣ್ಣ ತಾಯಪ್ಪ.

ದೋಣಿ ಮನೋಹರನದು. ಸಂಡೂರಿನ ಗುಡ್ಡ ಅಗೆದು, ಅದಿರನ್ನು ಲಾರಿಗೆ ತುಂಬಿ, ನಿನ್ನೆ ಮೊನ್ನೆ ದೊಡ್ಡ ಮನುಷ್ಯನಾದ ಧಣಿ. ದುಡ್ಡು ಏನು ಮಾಡಬೇಕೆಂದು ತೋಚದೆ ಗೋವಾದಿಂದ ಈ ಬಿಳಿ ದೋಣಿ ತರಿಸಿ ಡ್ಯಾಮಿನ ಹಿನ್ನೀರಿಗೆ ಬಿಟ್ಟಿದ್ದ. ಕೈಯಿಂದ ಲಂಗರು ಎಳೆದರೆ ಮರ್ಯಾದೆಗೆ ಕಡಿಮೆ ನೋಡಿ, ಗುಂಡಿ ಒತ್ತಿದರೆ ಸರಪಳಿ ಎಳೆದುಕೊಳ್ಳುವ ಕರೆಂಟಿನ ರಾಟೆ ಬೇರೆ. ತಾಯಪ್ಪ ಅದರ ಕಾವಲುಗಾರ, ದೋಣಿಯಲ್ಲೇ ವಾಸ. ಅಲ್ಲಿಗೆ ಯಾರು ಬಂದರು, ಏನು ಮಾತಾಡಿದರು, ಎಲ್ಲ ಅವನ ಕಿವಿಗೆ ಬೀಳುತ್ತಿತ್ತು. ಹೋದ ದೀಪಾವಳಿಯ ಹೊತ್ತಿಗೆ ಅವನು ಕಾಣೆಯಾದ. ಕುಡಿದು ಆಂಧ್ರದ ಕಡೆ ಓಡಿಹೋಗಿರಬೇಕು ಎಂದು ಧಣಿಯ ಕಡೆಯವರು ಕೈತೊಳೆದುಕೊಂಡರು. ಪೊಲೀಸರೂ ಹೌದೆಂದು ತಲೆಯಾಡಿಸಿದರು. ಗುಟ್ಟು ತಿಳಿದವನನ್ನು ಧಣಿಯೇ ಮುಗಿಸಿ ನೀರಿಗೆ ಹಾಕಿಸಿದ್ದಾನೆ ಎಂದು ಅಂದಿನಿಂದ ಕಾಳಪ್ಪ ಶಾಪ ಹಾಕುತ್ತಿದ್ದ.

ಅಣ್ಣ ಓಡಿಹೋಗುವವನೇ? ದೇವರಂಥ ಮನುಷ್ಯ. ಧಣಿಯ ಗೆಳೆಯರು ಬಿಟ್ಟುಹೋದ ಬಾಟಲಿಗಳ ರುಚಿ ಹತ್ತಿದ ಮೇಲೆ ಕೈ ಸ್ವಲ್ಪ ಮುಂದಾಗಿತ್ತು, ಅಷ್ಟೇ. ಅದು ಯಾರ ಮನೆಯಲ್ಲಿಲ್ಲ? ಅತ್ತಿಗೆ ತಾಯಕ್ಕ ಒಮ್ಮೆ ಬಾತುಕೊಂಡ ತೋಳು ತೋರಿಸಲು ಅಂಗಡಿಗೇ ಬಂದಿದ್ದಳು. ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ, ಚಹಾ ಕುಡಿಸಿ ಕಳಿಸಿದ್ದ.

ಅಂಥ ಗಂಡನಿಗಾಗಿ ಆಕೆ ಇಂದಿಗೂ ಬಳೆ ತೆಗೆದಿಲ್ಲ, ಕುಂಕುಮ ಅಳಿಸಿಲ್ಲ. ಹೆಣ ಸಿಗದೆ ಅಳಿಸಕೂಡದು ಎಂಬುದು ಅವರ ಮನೆತನದ ಪದ್ಧತಿ. ಅಂಬಿಗರ ಮಗಳು, ಗಂಡನಿಗಿಂತ ಚೆಂದಾಗಿ ಹರಿಗೋಲು ನಡೆಸಿ ದಿನಾ ಸಂಜೆ ದೋಣಿಗೆ ಬುತ್ತಿ ಮುಟ್ಟಿಸುತ್ತಿದ್ದವಳು. ಈಗ ನೀರಿನ ಕಡೆ ಮುಖ ಮಾಡುತ್ತಿರಲಿಲ್ಲ. ಬೀಸುವುದನ್ನೂ ಬಿಟ್ಟಿದ್ದಳು. ತವರಿನವರು ಮದುವೆಗೆ ಕೊಟ್ಟ ಬೀಸುಕಲ್ಲು, ಗಂಡಸರ ಕಣ್ಣು ಹೋಗದ ಅಡುಗೆಮನೆಯ ಮೂಲೆಯಲ್ಲಿ, ಗೋಣಿತಾಟು ಹೊದ್ದು ಕೂತಿತ್ತು. ಒಂದು ಹೊಟ್ಟೆಗೆ ಎಷ್ಟು ಬೀಸಲಿ ಎಂದು ಆಕೆ ಗಿರಣಿ ಹಿಟ್ಟು ತರುತ್ತಿದ್ದಳು.

ಬೆಳಿಗ್ಗೆ ಈ ಕೆಲಸದ ಸುದ್ದಿ ಹೇಳಿದಾಗ ಅತ್ತಿಗೆ ತಡೆದಿದ್ದಳು.

"ನೀರಾಗ ಕೆದಕಾಕ ಹೋಗಬ್ಯಾಡ ಕಾಳಪ್ಪ. ನಿಮ್ಮಣ್ಣ ಎಲ್ಲೂ ಹೋಗಿಲ್ಲ."

ಪಾಪ, ಇನ್ನೂ ಆಸೆ, ಎಂದುಕೊಂಡು ಅವನು ಹೊರಟು ಬಂದಿದ್ದ.

ಈಗ ಮನೋಹರ ಅವನ ಹಿಂದೆಯೇ ನಿಂತು ಗಡಿಯಾರ ನೋಡುತ್ತಿದ್ದ. ಸಂಜೆಗೆ ದೊಡ್ಡವರು ಬರುವವರಿದ್ದಾರಂತೆ.

"ಹಳೇ ಲಂಗರು ಎಳಿಯೋದು ಬ್ಯಾಡ. ಸರಪಳಿ ಕೊಯ್ದು ಬಿಡು, ಹೊಸಾದು ಹಾಕಸ್ತೀನಿ."

ಸಿಕ್ಕಿಬಿದ್ದೆಯಲ್ಲ ಮಗನೇ, ಎಂದಿತು ಕಾಳಪ್ಪನ ಮನಸ್ಸು. ಬಾಯಿ ಮಾತ್ರ ನಯವಾಗಿ ಆಡಿತು.

"ಎಳೀದಿದ್ರ, ಹೊಸ ಮೋಟಾರು ಭಾರ ತಡಕೊಂತೈತೋ ಇಲ್ಲೋ ಹ್ಯಾಂಗ್ ಗೊತ್ತಾಗಬೇಕ್ರಿ ಧಣಿ?"

ಉತ್ತರಕ್ಕೆ ಕಾಯಲಿಲ್ಲ. ಹೊಸ ಮೋಟಾರಿನ ಶಾಫ್ಟನ್ನು ರಾಟೆಯ ಗೇರಿಗೆ ಕೂಡಿಸಿದ, ಬೋಲ್ಟು ಬಿಗಿದ, ಬ್ಯಾಟರಿಯ ದಪ್ಪ ವೈರುಗಳನ್ನು ಜೋಡಿಸಿದ. ಗುಂಡಿ ಒತ್ತಿದ.

ರಾಟೆ ನರಳಿತು. ಸರಪಳಿ ಬಿಗಿದು ದೋಣಿಯ ಮೂತಿ ನೀರಿಗೆ ಬಾಗಿತು. ಬೇಸಿಗೆಗೆ ನೀರು ಇಳಿದಿತ್ತು. ತಳದ ಕೆಸರೆಲ್ಲ ಎದ್ದು ಮೇಲೆ ಬಂತು. ಆಮೇಲೆ ಒಮ್ಮೆಲೇ ಹಗುರಾಯಿತು. ಲಂಗರು ಮೇಲೆ ಬಂತು.

ಅದರ ಕೊಕ್ಕೆಗೆ ಮುಳುಗಡೆಯಾದ ಮರದ ಬೇರು, ಹರಿದ ಬಲೆ, ನೀಲಿ ನೈಲಾನ್ ಹಗ್ಗ. ಹಗ್ಗದ ಒಂದು ತುದಿಯಲ್ಲಿ ಬೀಸುಕಲ್ಲಿನ ಮೇಲಿನ ಕಲ್ಲು, ಅದರ ಅಂಚಿನಲ್ಲಿ ಕೊಕ್ಕು ಕೆಳಗೆ ಬಾಗಿಸಿದ ಒಂದು ಗಿಳಿ ಕೆತ್ತನೆ. ಇನ್ನೊಂದು ತುದಿಯಲ್ಲಿ ಕೊಡದ ಕೊರಳಿಗೆ ಬಿಗಿಯುವಂಥ ಕುಣಿಕೆ. ಕುಣಿಕೆಯೊಳಗೆ ಏನೂ ಇರಲಿಲ್ಲ.

ಕಾಳಪ್ಪ ಮಂಡಿಯೂರಿ ಕೆಸರನ್ನೆಲ್ಲ ಬೆರಳಿನಿಂದ ಜಾಲಾಡಿದ. ಒಂದು ಎಲುಬಿಲ್ಲ, ಅಂಗಿಯ ಗುಂಡಿಯಿಲ್ಲ. ಮನೋಹರನ ಮುಖ ನೋಡಿದ. ಅಲ್ಲಿ ಅಂಜಿಕೆ ಹುಡುಕಿದ. ಬಿಳಿ ಬೂಟಿಗೆ ಕೆಸರು ಸಿಡಿದ ಸಿಟ್ಟು ಬಿಟ್ಟರೆ ಏನೂ ಕಾಣಲಿಲ್ಲ.

ಹಿನ್ನೀರಿನವರಿಗೆ ಇಂಥ ಕಲ್ಲು ಹೊಸದಲ್ಲ. ಡ್ಯಾಮು ಕಟ್ಟಿದಾಗ ಮುಳುಗಿದ ಊರುಗಳ ಒರಳು, ಬೀಸುಕಲ್ಲು ಇಂದಿಗೂ ಬಲೆಗೆ ಬೀಳುತ್ತವೆ. ಮೀನುಗಾರರು ಅವನ್ನೇ ಹಗ್ಗಕ್ಕೆ ಕಟ್ಟಿ ಹರಿಗೋಲಿಗೆ ಲಂಗರು ಮಾಡಿಕೊಳ್ಳುತ್ತಾರೆ. ಇದೂ ಯಾವನದೋ ಕಳೆದುಹೋದದ್ದು. ಕಾಳಪ್ಪನೇ ಹಗ್ಗ ಕೊಯ್ದು, ಕಲ್ಲನ್ನು ಕಾಲಿನಿಂದ ನೀರಿಗೆ ನೂಕಿದ. ದಡ ಸೇರುವಾಗ ಅವನಿಗೆ ನಾಚಿಕೆಯಾಯಿತು. ಇಷ್ಟು ದಿನ ಸುಮ್ಮನೆ ಒಬ್ಬನಿಗೆ ಶಾಪ ಹಾಕಿದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಅಣ್ಣನ ಮೇಲೆ.

ತಾಯಕ್ಕ ಬಾಗಿಲಲ್ಲೇ ನಿಂತಿದ್ದಳು. ಹಣೆಯ ತುಂಬ ಕುಂಕುಮ. ಅವನ ಮುಖವನ್ನೇ ನೋಡಿದಳು.

"ಏನೂ ಸಿಗಲಿಲ್ಲ ಅತ್ತಿಗಿ. ಖರೇನ ನಿನ್ನ ಬಿಟ್ಟು ಓಡಿಹೋಗ್ಯಾನ."

ಅತ್ತಿಗೆ ಉಸಿರು ಬಿಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಹೆಗಲು ಸಡಿಲಾದದ್ದನ್ನು ಕಾಳಪ್ಪ ಕಂಡ. ಸುದ್ದಿ ಕೇಳಿ ಸೋತುಹೋದಳು ಎಂದುಕೊಂಡು ಅವನ ಕಣ್ಣು ತುಂಬಿತು.

"ಹೋಗ್ಲಿ ಬಿಡು. ಹಸದಿರ್ತಿ, ಒಳಗ ಬಾ, ರೊಟ್ಟಿ ಬಡೀತೀನಿ."

ಒಲೆಯ ಕಡೆ ನಡೆದವಳು, ದಾರಿಯಲ್ಲೇ ಕೈಗೆ ಸಿಕ್ಕಿದ ಗೋಣಿತಾಟನ್ನು ಮೂಲೆಯಿಂದ ಸೆಳೆದು ಅವನು ಕೂರಲೆಂದು ಹಾಸಿದಳು.

ಮೂಲೆಯಲ್ಲಿ ಬೀಸುಕಲ್ಲಿನ ಕೆಳಗಿನ ಕಲ್ಲೊಂದೇ ಇತ್ತು. ಅದರ ಅಂಚಿನಲ್ಲಿ ಕೊಕ್ಕು ಮೇಲೆತ್ತಿದ ಒಂದು ಗಿಳಿ.