ಸರ್ವರ್ ರೂಮಿನ ಬಾಗಿಲು ಒಡೆದ ಮಧ್ಯಾಹ್ನ

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆ. ಅಲ್ಲಿನ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ವೀಣಾ ಹಡಪದ ಎಂಬಾಕೆಯದು.

ಯಾವ ರೋಗಿ ಎಲ್ಲಿದ್ದಾನೆ, ಯಾರಿಗೆ ಯಾವ ರಕ್ತ ಹೊಂದುತ್ತದೆ, ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ... ಎಲ್ಲವೂ ಇರುವುದು ಆ ಒಂದು ಸರ್ವರ್‌ನಲ್ಲಿ.

ಬೆಳಿಗ್ಗೆ ಬಂದವಳೇ ಬ್ಯಾಕಪ್ ನೋಡುತ್ತಿದ್ದಳು, ಡಿಸ್ಕ್‌ನಲ್ಲಿ ಜಾಗವಿದೆಯೇ ನೋಡುತ್ತಿದ್ದಳು, ಎಲ್ಲಿ ನಿಧಾನವಾಗುತ್ತಿದೆ ಎಂದು ಹುಡುಕಿ ಸರಿಮಾಡುತ್ತಿದ್ದಳು. ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದುದರಿಂದ ಆಕೆ ಯಾರೆಂದು ಅರ್ಧ ಆಸ್ಪತ್ರೆಗೆ ಗೊತ್ತೇ ಇರಲಿಲ್ಲ...

ಒಂದು ಮಧ್ಯಾಹ್ನ ಗದಗ ರಸ್ತೆಯಲ್ಲಿ ಮದುವೆ ದಿಬ್ಬಣದ ಟೆಂಪೋಗೆ ಲಾರಿ ಗುದ್ದಿತು.

ಸ್ಟ್ರೆಚರ್ ಸಾಲದೆ ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತು ತಂದರು. ರೇಷ್ಮೆ ಸೀರೆಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಸಂಬಂಧಿಕರ ಕೂಗಾಟ ಮಹಡಿಯ ಮೇಲೆ ಸರ್ವರ್ ರೂಮಿನಲ್ಲಿದ್ದ ವೀಣಾಳಿಗೂ ಕೇಳುತ್ತಿತ್ತು.

ಇದ್ದಕ್ಕಿದ್ದಂತೆ ಕೆಳಗೆ ಗಾಜು ಒಡೆದ ಸದ್ದು... ಹೆಣ್ಣುಮಗಳೊಬ್ಬಳ ಚೀರಾಟ.

ಸ್ವಲ್ಪ ಹೊತ್ತಿನಲ್ಲೇ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. "ಮೇಡಂ, ಸ್ಕ್ರೀನ್ ನಿಂತಬಿಟ್ಟೈತ್ರಿ. ಯಾವ ಚೀಲ ಯಾರಿಗೆ ಅಂತ ಕಾಣವಲ್ದು. ತಪ್ಪಿ ಬ್ಯಾರೆ ರಕ್ತ ಹೋತಂದ್ರ ಜೀವಾನ ಹೋಗತೈತಿ."

ಹಿಂದೆಯೇ ಆಡಳಿತಾಧಿಕಾರಿ ಗಲಗಲಿಯವರ ಫೋನ್. "ವೀಣಾ, ಮೊದಲ ಸರ್ವರ್ ರೀಸ್ಟಾರ್ಟ್ ಮಾಡ್ರಿ."

"ಬ್ಯಾಡ ಸರ್. ಐಸಿಯು, ಆಪರೇಷನ್ ಥಿಯೇಟರ್ ಎಲ್ಲಾ ಒಮ್ಮೆಲೇ ಬಂದ್ ಆಗ್ತಾವ. ಮತ್ತ ಎದ್ದು ನಿಲ್ಲಾಕ ಭಾಳ ಹೊತ್ತು ಬೇಕು. ಎಲ್ಲಿ ಸಿಕ್ಕೊಂಡೈತಿ ನೋಡ್ತೀನಿ."

ಆಕೆಗೆ ಒಂದು ಅನುಮಾನವಿತ್ತು. ಒಬ್ಬರು ದಾಖಲೆ ತಿದ್ದುವಾಗ ಇನ್ನೊಬ್ಬರು ಅದನ್ನು ಮುಟ್ಟದಂತೆ ಡೇಟಾಬೇಸ್ ಲಾಕ್ ಹಾಕುತ್ತದೆ. ಸೇವ್ ಮಾಡಿದರೆ ಲಾಕ್ ಬಿಡುತ್ತದೆ.

ಯಾರೋ ಅರ್ಧಕ್ಕೆ ಬಿಟ್ಟು ಎದ್ದಿದ್ದಾರೆ... ಅವರ ಹಿಂದೆ ಇಡೀ ಬ್ಲಡ್ ಬ್ಯಾಂಕ್ ಕಾಯುತ್ತಿದೆ.

ಹುಡುಕುತ್ತಿರುವಾಗಲೇ ಬಾಗಿಲಿಗೆ ಏಟು ಬಿತ್ತು. ಎರಡನೇ ಏಟಿಗೆ ಚಿಲಕ ಕಿತ್ತು ಬಂತು.

ಒಳಗೆ ನುಗ್ಗಿದವನ ಅಂಗಿಯೆಲ್ಲ ರಕ್ತ. ಕೈಯಲ್ಲಿ ಗೋಡೆಯಿಂದ ಕಿತ್ತ ಬೆಂಕಿ ಆರಿಸುವ ಸಿಲಿಂಡರ್. ಹೆಸರು ಯಮನೂರಪ್ಪ. ಅವನ ತಮ್ಮ ಫಕೀರೇಶ ಕೆಳಗೆ ಕಷ್ಟಪಟ್ಟು ಉಸಿರಾಡುತ್ತಿದ್ದ. ಮೇಲಿನ ಕಂಪ್ಯೂಟರ್ ನಿಂತಿದ್ದರಿಂದ ರಕ್ತ ಬರುತ್ತಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರು.

"ನನ್ನ ತಮ್ಮ ಸಾಯಾಕತ್ತಾನ. ನೀ ಇಲ್ಲಿ ಎಸಿಯಾಗ ಕುಂತೀಯೇನ?"

ಜಡೆ ಹಿಡಿದು ಎಳೆದ. ಕೆನ್ನೆಗೆ ಬಾರಿಸಿದ. ವೀಣಾಳ ತುಟಿ ಒಡೆದು ಬಾಯೆಲ್ಲ ಉಪ್ಪಾಯಿತು.

ಆಕೆ ಮತ್ತೆ ಕುರ್ಚಿಯ ಕಡೆಗೇ ತೆವಳಿದಳು.

ಅದನ್ನು ನೋಡಿ ಅವನ ಸಿಟ್ಟು ನೆತ್ತಿಗೇರಿತು. "ಈ ಡಬ್ಬಿಯಿಂದನ ಅಲ್ಲೇನು ಎಲ್ಲಾ?" ಎನ್ನುತ್ತ ಸಿಲಿಂಡರನ್ನು ಸರ್ವರ್ ಮೇಲೆ ಎತ್ತಿದ.

ವೀಣಾ ಅಡ್ಡ ಬಂದು ನಿಂತಳು.

ಏಟು ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು...

"ಅಣ್ಣಾ..." ಅವಳು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಹೊಡೀರಿ. ಇದಕ್ಕ ಕೈ ಹಚ್ಚಬ್ಯಾಡ್ರಿ. ನಿಮ್ಮ ತಮ್ಮಗ ಯಾವ ರಕ್ತ ಕೊಡಬೇಕಂತ ಇದಕ್ಕಷ್ಟ ಗೊತ್ತೈತಿ."

ಮತ್ತೆ ಮೇಲೆತ್ತಿದ್ದ ಸಿಲಿಂಡರ್ ಹಾಗೆಯೇ ನಿಂತಿತು.

ಆಕೆ ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಕೀಬೋರ್ಡ್ ಮೇಲೆ ತುಟಿಯ ರಕ್ತ ಬೀಳುತ್ತಿತ್ತು. ಕೊನೆಗೆ ಸಿಕ್ಕಿತು. ಅರ್ಧಕ್ಕೆ ನಿಂತಿದ್ದ ಆ ಒಂದು ಕೆಲಸವನ್ನು ಮಾತ್ರ ಕಡಿದು ಹಾಕಿದಳು.

ಫೋನ್ ಬಡಿದುಕೊಂಡಿತು. "ಮೇಡಂ, ಸ್ಕ್ರೀನ್ ಬಂತ್ರಿ. ಫಕೀರೇಶಗ ರಕ್ತ ಕಳಸಾಕತ್ತೀವಿ."

ಯಮನೂರಪ್ಪ ಗೋಡೆಗೆ ಒರಗಿ ಕುಸಿದ. "ಯಾರ್ರಿ ಅದನ್ನ ನಿಲ್ಲಿಸಿದ್ದು? ಯಾರ ತಪ್ಪದು?"

ವೀಣಾ ಫೋನಿನಲ್ಲೇ ಕೆಳಗಿನವರನ್ನು ವಿಚಾರಿಸಿ ಹೇಳಿದಳು. "ದಾಖಲಾತಿ ಕೌಂಟರಿನ ಕಂಪ್ಯೂಟರ್. ಆ ಹುಡುಗಿ ಹೆಸರು ಬರಕೊಳ್ಳಾಕತ್ತಿದ್ಲು. ಯಾರೋ ಕುರ್ಚಿ ಒಗದು ಗಾಜು ಒಡದಾರ. ಸೇವ್ ಮಾಡದನ ಓಡಿ ಹೋಗ್ಯಾಳ."

ಅವನ ಮುಖ ಬಿಳಿಚಿಕೊಂಡಿತು.

"ಆ ಕುರ್ಚಿ ಒಗದಾಂವ ನಾನ ಅಕ್ಕಾ." ಎದೆ ಎದೆ ಬಡಿದುಕೊಂಡು ಅತ್ತ. "ನನ್ನ ತಮ್ಮನ ರಕ್ತ ನಾನ ತಡದೆ."

ಡಾಕ್ಟರುಗಳೆಲ್ಲ ಕೆಳಗೆ ಗಾಯಾಳುಗಳ ಹತ್ತಿರ ಇದ್ದರು. ಅವರು ಬರುವತನಕ ಆಕೆಯ ಮುರಿದ ಕೈಯನ್ನು ತನ್ನ ಎರಡೂ ಅಂಗೈಗಳ ಮೇಲೆ ಅಲುಗಾಡದಂತೆ ಹಿಡಿದು ಕೂತವನು ಅವನೇ.

ಪೊಲೀಸರು ಬಂದರು.

"ಹೊಡದದ್ದು ತಪ್ಪು. ದೂರು ಕೊಡ್ತೀನಿ," ಎಂದಳು ವೀಣಾ. "ಆದ್ರ ಮೊದಲ ಇವರು ತಮ್ಮನ ಮಾರಿ ನೋಡಿ ಬರ್ಲಿ."

"ಓಡಿ ಹೋದ್ರ ಯಾರು ಹೊಣಿ ಮೇಡಂ?" ಎಂದ ಕಾನ್‌ಸ್ಟೇಬಲ್.

"ನಾನು."

ಅವನು ಹೋದ. ಕಾನ್‌ಸ್ಟೇಬಲ್ ಬಾಗಿಲು ನೋಡುತ್ತಲೇ ನಿಂತ...

ಯಮನೂರಪ್ಪ ತಾನಾಗಿಯೇ ಮೆಟ್ಟಿಲು ಹತ್ತಿ ವಾಪಸ್ ಬಂದ. "ಕಣ್ಣು ತಗದಾನ್ರಿ ಅಕ್ಕಾ," ಎಂದು ವೀಣಾಳ ಕಾಲು ಮುಟ್ಟಿದ. ಆಮೇಲೆ ಎರಡೂ ಕೈ ಜೋಡಿಸಿ ಕಾನ್‌ಸ್ಟೇಬಲ್ ಮುಂದೆ ಚಾಚಿದ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ವೀಣಾ ಕೆಲಸಕ್ಕೆ ಮರಳಿದಳು. ಯಾರಾದರೂ ದಾಖಲೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರೆ ಸ್ವಲ್ಪ ಹೊತ್ತಿಗೆ ಲಾಕ್ ತಾನಾಗಿಯೇ ಬಿಡುವಂತೆ ಮಾಡಿಟ್ಟಳು... ಹೆದರಿ ಓಡುವವರ ಮೇಲೆ ತಪ್ಪು ಬರಬಾರದು ಎಂದು.

ಸಿಟ್ಟಿನಲ್ಲಿ ನಾವು ಎಸೆಯುವ ಕಲ್ಲು ಯಾರಿಗೆ ತಾಗುತ್ತದೆ ಎಂಬುದು ನಮಗೇ ಗೊತ್ತಿರುವುದಿಲ್ಲ.

ಇವತ್ತು ನೀವು ಎಲ್ಲೋ ಕೂಗಾಡಿದ್ದರೆ... ಅಲ್ಲಿ ನಿಮಗಾಗಿಯೇ ದುಡಿಯುತ್ತಿದ್ದವರು ಯಾರು ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?