ದೊರೆಗೋರಿಯ ಹೆಣ್ಣು

ಕಾಫಿ ಕುಡಿದ ಲೋಟ ಕೆಳಗಿಟ್ಟವಳೇ ಗಂಡಿನ ತಾಯಿ ಶಿವನಂಜಮ್ಮ ತನ್ನ ಷರತ್ತು ಹೇಳಿಬಿಟ್ಟಳು. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ. ಆದರೆ ಹುಡುಗಿಯ ತಾಯಿ ಮಾದಿ ಇನ್ನು ಮುಂದೆ ದೊರೆಗೋರಿಯೊಳಗೆ ಕಾಲಿಡಕೂಡದು. ಹುಡುಗಿ ಆ ದಿಕ್ಕಿಗೆ ತಿರುಗಿಯೂ ನೋಡಕೂಡದು. ತಮ್ಮ ಗೆಟ್ಟವಾಡಿಯಿಂದ ಈ ಪಣಕಹಳ್ಳಿಗೆ ಹೊರಟಾಗಲೇ ನಾಲ್ಕು ಜನ ಅಡ್ಡ ಬಂದು, ದೆವ್ವದ ಅಂಗಳ ಗುಡಿಸುವವರ ಮನೆಯ ಹೆಣ್ಣೇ ಬೇಕಾಯಿತೇ ಎಂದು ಕೇಳಿದ್ದರಂತೆ.

ದೊರೆಗೋರಿ ಎಂದರೆ ಊರಾಚೆಯ ಇಳಿಜಾರಿನಲ್ಲಿರುವ ಆರು ಗೋರಿಗಳು. ಕಾಫಿ ಬೆಳೆಯಲೆಂದು ಐರ್ಲೆಂಡಿನಿಂದ ಬಂದ ದೊರೆಯೊಬ್ಬ, ಹೆಂಡತಿಯನ್ನೂ ಐದು ಮಕ್ಕಳನ್ನೂ ಒಂದೇ ಮಳೆಗಾಲದ ಜ್ವರಕ್ಕೆ ಕಳೆದುಕೊಂಡು, ಅಲ್ಲೇ ಮಣ್ಣು ಮಾಡಿ ತನ್ನ ನಾಡಿಗೆ ಮರಳಿದ್ದ. ಪ್ರತಿ ಗೋರಿಯ ಮೇಲೂ ಕಲ್ಲಿನ ಬಳೆ ತೊಟ್ಟಂಥ ಶಿಲುಬೆ. ಹಾಡಹಗಲೇ ಅಲ್ಲಿ ಮಗು ಅಳುವುದನ್ನು ಕೇಳಿದವರಿದ್ದಾರೆ. ಬೈಕಿನವರು ಆ ತಿರುವನ್ನು ಹಾರ್ನ್ ಒತ್ತಿಕೊಂಡೇ ದಾಟುತ್ತಾರೆ. ಮಾದಿಯ ಗಂಡನ ಮನೆಯವರು ತಲೆಮಾರುಗಳಿಂದ ಅದರ ಕಾವಲಿನವರು. ದೊರೆಯ ನಾಡಿನಿಂದ ಸಂಬಳ ಕಳಿಸುತ್ತಿದ್ದವರು ಇಲ್ಲವಾದ ಮೇಲೂ ಮಾವ ಮಲ್ಲಯ್ಯ ಪೊರಕೆ ಕೆಳಗಿಡಲಿಲ್ಲ. ಅವನ ನಂತರ ಮಾದಿಯೂ ಇಡಲಿಲ್ಲ. ಕೂಲಿಗೆ ರಜೆಯಿದ್ದ ಭಾನುವಾರವೆಲ್ಲ ಅಲ್ಲೇ ಇರುತ್ತಿದ್ದಳು.

ಮಗಳು ಮಮತಳಿಗೆ ಆ ಜಾಗದ ಭಯ ಇರಲಿಲ್ಲವೆಂದಲ್ಲ. ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಮುರಿದ ಗೋಡೆ ದಾಟುತ್ತಿದ್ದಂತೆ ಮೈಕೂದಲು ನಿಮಿರುತ್ತಿತ್ತು. ಆದರೂ ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದಳು. ಕಲ್ಲಿನಲ್ಲಿ ಕೆತ್ತಿದ ಗೀರುಗಳಲ್ಲಿ ಬೆರಳಾಡಿಸಿಯೇ ಇಂಗ್ಲಿಷಿನ ಅಕ್ಷರ ಕಲಿತಳು. ಅಲ್ಲಿ ಕೂತರೆ ಯಾರೋ ತನ್ನನ್ನು ಗಮನವಿಟ್ಟು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ದಿನಗೂಲಿಯವಳ ಮಗಳನ್ನು ಊರಿನಲ್ಲಿ ಬೇರೆ ಯಾರೂ ಅಷ್ಟು ಗಮನಿಸಿದ್ದಿಲ್ಲ.

ಈ ಗೋರಿಯ ಮಾತಿಗೇ ಹಿಂದೆ ಎರಡು ಸಂಬಂಧ ಮುರಿದಿದ್ದವು. ಇದು ಮೂರನೆಯದು. ಮಾದಿ ತಲೆ ತಗ್ಗಿಸಿದಳು.

"ಬುಟ್ಬುಡ್ತೀನಿ ಕಣವ್ವ. ಮಗಳ ಬಾಳಿಗಿಂತ ಎಚ್ಚಾ ಅದು?"

"ಅವ್ವ ಬುಡಲ್ಲ," ಎಂದಳು ಬಾಗಿಲ ಬಳಿ ನಿಂತಿದ್ದ ಮಮತ.

ಸಂಬಂಧ ಕುದುರಿಸಲು ಬಂದಿದ್ದ ಬಿಳಿಗಿರಿ ಗಾಬರಿಯಾಗಿ, ಹೆಣ್ಣು ಮಕ್ಕಳು ಹೀಗೆ ಬಾಯಿ ಹಾಕಬಾರದೆಂದು ತಿಳಿಹೇಳಲು ನೋಡಿದ. ಮಮತ ಶಿವನಂಜಮ್ಮನನ್ನೇ ನೋಡಿಕೊಂಡು, ನೋಡದ ಜಾಗವನ್ನು ಬೇಡ ಅನ್ನುವುದು ಬೇಡ, ಐದು ನಿಮಿಷದ ದಾರಿ, ಒಮ್ಮೆ ಬನ್ನಿ ಎಂದಳು. ನೋಡಿದ ಮೇಲೂ ಬೇಡವೆಂದರೆ ತಾನೇ ಬಸ್ಸಿನವರೆಗೆ ಬಂದು ಕಳಿಸಿಕೊಡುವುದಾಗಿ ಹೇಳಿದಳು. ಗೂಡ್ಸ್ ಗಾಡಿ ಓಡಿಸುವ ಗಂಡು ಮಣಿಕಂಠ, ತಾಯಿಯ ಮುಖ ನೋಡಿದ.

"ನಿಂಗ ಎದರ್ಕ ಇಲ್ವಾ ಅಲ್ಲಿ?" ಎಂದು ಶಿವನಂಜಮ್ಮ ಕೇಳಿದಳು.

"ಅದ ಅತ್ತೆ. ಆದ್ರೂ ಓಯ್ತೀನಿ."

ಶಿವನಂಜಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು.

ಮಧ್ಯಾಹ್ನ ಮೂರರ ಬಿಸಿಲು. ಬಿಳಿಗಿರಿ ಮುರಿದ ಗೋಡೆಯ ಆಚೆಯೇ ನಿಂತುಬಿಟ್ಟ. ಒಳಗೆ ಹೋದವರಿಗೆ ಬಿಸಿಲೇ ತಣ್ಣಗಾದಂತಾಯಿತು. ಸುತ್ತಲ ಲಾಂಟಾನ ಪೊದೆಯಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಆಗ ಇಳಿಜಾರಿನ ಕೆಳಗಿಂದ ಸಣ್ಣ ದನಿಯೊಂದು ಎದ್ದು, ಉದ್ದಕ್ಕೆ ಎಳೆದು, ತಟ್ಟನೆ ನಿಂತಿತು. ಅದು ಏನೆಂಬುದು ಇಷ್ಟು ವರ್ಷವಾದರೂ ಮಮತಳಿಗೆ ತಿಳಿದಿರಲಿಲ್ಲ. ಶಿವನಂಜಮ್ಮನ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಮಮತ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯ ಬೆರಳನ್ನು ಎಲ್ಲಕ್ಕಿಂತ ಚಿಕ್ಕ ಕಲ್ಲಿನ ಮೇಲಿಟ್ಟು ಓದತೊಡಗಿದಳು. ನೋರಾ, ಮೂರು ವರ್ಷ. ಮೈಕೆಲ್, ಐದು. ಮೊದಲೆರಡು ಹೆಸರಿಗೆ ನಡುಗಿದ ದನಿ ಆಮೇಲೆ ಗಟ್ಟಿಯಾಯಿತು. ಐದೂ ಮಕ್ಕಳ ಹೆಸರು ಮುಗಿಸಿ ದೊಡ್ಡ ಕಲ್ಲಿಗೆ ಬಂದಳು. ಬ್ರಿಜಿಡ್, ಇಪ್ಪತ್ತೊಂಬತ್ತು. ತಾಯಿ.

ಶಿವನಂಜಮ್ಮ ಸುತ್ತ ನೋಡಿದಳು. ಒಂದು ಒಣಗಿದ ಎಲೆಯೂ ಇಲ್ಲ. ಮಣ್ಣಿನ ಮೇಲೆ ಪೊರಕೆಯ ಗೆರೆಗಳು ಆರು ಗೋರಿಗಳ ಸುತ್ತಲೂ ಹರಿದಿದ್ದವು. ಅವಳು ಹಿಂದೆ ನಿಂತಿದ್ದ ಮಾದಿಯ ಕಡೆ ತಿರುಗಿ, "ಇವ್ರು ನಿಮ್ಗ ಏನಾಗ್ಬೇಕು?" ಎಂದಳು.

"ಏನೂ ಆಗ್ಬೇಕಿಲ್ಲ ಕಣವ್ವ. ಬುಟ್ಟೋದವ್ರು ತಿರ್ಗ ಬರ್ನಿಲ್ಲ. ಐದು ಮಕ್ಕ ಅವೆ ಇಲ್ಲಿ, ಅದ್ಕೆ."

ಶಿವನಂಜಮ್ಮ ಮಗನಿಗೆ ಹೇಳುವಂತೆ ಹೇಳಿದಳು. "ನಿಮ್ಮ ತಾತನ ಸಮಾದಿ ಗುಡ್ಡೆ ಮ್ಯಾಲೆ ಯಾರೋ ಎಮ್ಮೆ ಕಟ್ತಾವ್ರೆ. ಮೂರು ಜನ ಗಂಡ್ಮಕ್ಳು ಇದ್ದೂ ಒಬ್ರೂ ಅದ ಬುಚ್ಚಿ ಓಡುಸ್ನಿಲ್ಲ." ಮಮತಳ ಮಣಿಕಟ್ಟನ್ನು ಅವಳಿನ್ನೂ ಬಿಟ್ಟಿರಲಿಲ್ಲ. "ಈ ಎಣ್ಣು ಒಪ್ಪುದ್ರೆ ನಮ್ಮ ಪುಣ್ಯ. ನೀನೇ ಕೇಳು."

ಮಣಿಕಂಠ ಅಂಗಿಯ ಗುಂಡಿ ತಿರುಗಿಸತೊಡಗಿದ. ಅವನ ಕಷ್ಟ ನೋಡಿ ಮಮತಳೇ, ಭಾನುವಾರ ಭಾನುವಾರ ತಾನು ಇಲ್ಲಿಗೆ ಬರುವವಳೇ ಎಂದಳು. ಗಾಡಿಯಿದೆಯಲ್ಲ, ಕರೆದುಕೊಂಡು ಬರುತ್ತೇನೆ ಎಂದ ಅವನು. ಮಮತಳಿಗೆ ನಗು ತಡೆಯಲಾಗಲಿಲ್ಲ. ಆ ನೆಲದ ಮೇಲೆ ಯಾರಾದರೂ ಹಾಗೆ ನಕ್ಕು ನೂರು ವರ್ಷವಾದರೂ ಆಗಿದ್ದಿರಬೇಕು. ಮಾದಿ ತಲೆಯೆತ್ತಿ ಮಗಳನ್ನೇ ನೋಡುತ್ತಿದ್ದಳು.

ವೀಳ್ಯ ಇಲ್ಲಿಗೇ ತರಲು ಶಿವನಂಜಮ್ಮ ಬಿಳಿಗಿರಿಯನ್ನು ಕೂಗಿದಳು. ಅವನು ಗೋಡೆಯಾಚೆ ಚೀಲವನ್ನು ಎದೆಗವಚಿಕೊಂಡು, ಗೋರಿಗಳ ನಡುವೆ ಯಾರಾದರೂ ವೀಳ್ಯ ಬದಲಾಯಿಸುತ್ತಾರೆಯೇ, ಮನೆಗೆ ನಡೆಯಿರಿ ಎಂದು ಗೋಗರೆದ.

"ಬಾ ಸುಮ್ಕೆ," ಎಂದಳು ಶಿವನಂಜಮ್ಮ. "ಎಣ್ಣಿನ ಕಡೆಯವ್ರೆಲ್ಲ ಇಲ್ಲೇ ಅವ್ರೆ ಕಣ್ಲಾ."